ಪೇಟೆಯ ಬೀದಿ ಯಾರದು?

ನಮ್ಮ ಪೇಟೆ ಬೀದಿಯ ವರ್ತಕರು ಒಂದುಗೂಡಿ ತಮ್ಮ ಬೀದಿಯನ್ನು ತಾವೇ ಸುಧಾರಿಸಿಕೊಳ್ಳಬೇಕೆಂದು ಮಾತುಕತೆ ನಡೆಸಿರುವುದು ವಾಚಕರಿಗೆ ತಿಳಿದಿದೆ. ಅಂಗಡಿಗೆ ಇಷ್ಟೆಂದು ತಿಂಗಳ ವಂತಿಗೆ ಹಾಕುವುದು, ಕಂಬಗಳಿಗೆ ಒಳ್ಳೆಯ ದೀಪ ಹಾಕಿಸುವುದು, ಬಾಯ್ದೆರೆದ ಚರಂಡಿಗೆ ಚಪ್ಪಡಿ ಮುಚ್ಚಿಸುವುದು, ಕಸ ಎತ್ತಲಿಕ್ಕೂ ರಾತ್ರಿ ಕಾವಲಿಗೂ ಆಳುಗಳನ್ನಿಡುವುದು, ಇವು ಅವರ ಯೋಜನೆಯ ನಾಲ್ಕು ಅಂಶಗಳು. ಇವುಗಳ ಬೆನ್ನಿಗೆ ಐದನೆಯ ಮಾತೊಂದು ಕೇಳಿಬರುತ್ತಿದೆ. ಅಂಗಡಿಗಳ ಮುಂದೆ ಕುಳಿತು ಹೂವು, ಸೊಪ್ಪು, ಬಾಳೆಹಣ್ಣು, ಪ್ಲಾಸ್ಟಿಕ್ ಸಾಮಾನು ಮಾರುವವರನ್ನು ಅಲ್ಲಿಂದ ಎಬ್ಬಿಸಬೇಕು ಎಂಬುದೇ ಆ ಮಾತು. ಮೊದಲಿನ ನಾಲ್ಕನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಐದನೆಯದನ್ನು ವಿರೋಧಿಸುತ್ತೇವೆ. ಏಕೆಂಬುದನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯ.

ಸಮಾಜವಾದಿ ಪತ್ರಿಕೆಯೊಂದು ವರ್ತಕರ ಕೆಲಸವನ್ನು ಹೊಗಳುವುದೇ ಎಂದು ನಮ್ಮವರಲ್ಲೇ ಕೆಲವರು ಹುಬ್ಬೇರಿಸಬಹುದು. ಬೆಳಗ್ಗೆ ಬಾಗಿಲು ತೆಗೆದು, ನೀರು ಚಿಮುಕಿಸಿ, ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ ಕಿರಾಣಿ ಅಂಗಡಿಯವನು ಬಂಡವಾಳಶಾಹಿಯಲ್ಲ. ಅವನ ಅಂಗಡಿ ಬಾಡಿಗೆಯದು, ಸರಕು ಸಾಲದ್ದು. ಜನ ಮೊಬೈಲಿನಲ್ಲಿ ಬೆರಳಾಡಿಸಿ ಬೆಂಗಳೂರಿನ ಗೋದಾಮಿನಿಂದ ಮನೆಬಾಗಿಲಿಗೆ ಸಾಮಾನು ತರಿಸಿಕೊಳ್ಳುವ ಈ ಕಾಲದಲ್ಲಿ ಅವನ ಬದುಕೂ ಅಲುಗಾಡುತ್ತಿದೆ. ದೊಡ್ಡ ಬಂಡವಾಳದ ಎದುರು ಸಣ್ಣವರು ಒಬ್ಬೊಬ್ಬರೇ ನಿಂತರೆ ಉಳಿಯುವುದಿಲ್ಲ, ಕೂಡಿದರೆ ಉಳಿದಾರು. ನಾವು ರೈತರಿಗೂ ಕೂಲಿಕಾರರಿಗೂ ಇದನ್ನೇ ಹೇಳುತ್ತ ಬಂದಿದ್ದೇವೆ. ವರ್ತಕರಿಗೆ ಬೇರೆ ಪಾಠ ಹೇಳಲು ಕಾರಣವಿಲ್ಲ.

ಕೂಡಿ ಹಣ ಹಾಕಿ ಸಾರ್ವಜನಿಕ ಕೆಲಸ ಮಾಡುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಐಹೊಳೆಯಲ್ಲಿ ಮೂಲವಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಸಾವಿರ ವರ್ಷಗಳ ಹಿಂದೆ ದಕ್ಷಿಣ ದೇಶದುದ್ದಕ್ಕೂ ವ್ಯಾಪಾರ ನಡೆಸಿತು. ತಮ್ಮ ಸರಕಿನ ಹೇರುಗಳ ಮೇಲೆ ತಾವೇ ಆಯ ಹಾಕಿಕೊಂಡು ದೇವಾಲಯಗಳಿಗೆ ದತ್ತಿ ಬಿಟ್ಟದ್ದನ್ನು ಆ ವರ್ತಕರು ಶಾಸನಗಳಲ್ಲಿ ಕೆತ್ತಿಸಿದ್ದಾರೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಗದಗದ ಬಳಿಯ ಕಣಗಿನಹಾಳವಿದೆ. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು.

ವರ್ತಕರು ಕೂಡಿ ಬೀದಿಯನ್ನು ಉದ್ಧಾರ ಮಾಡಿಕೊಳ್ಳುವ ಈಗಿನ ಪದ್ಧತಿ ಕಾನೂನಿನ ರೂಪ ಪಡೆದದ್ದು ಕೆನಡಾ ದೇಶದ ಟೊರಾಂಟೊ ನಗರದಲ್ಲಿ. ಆ ನಗರದ ಬ್ಲೂರ್ ಬೀದಿಯ ಪಶ್ಚಿಮ ಭಾಗದ ವರ್ತಕರಿಗೆ 1960ರ ದಶಕದಲ್ಲಿ ಎರಡು ಕಡೆಯಿಂದ ಪೆಟ್ಟು ಬಿತ್ತು. ಊರ ಹೊರಗೆ ಕಾರು ನಿಲ್ಲಿಸಲು ವಿಶಾಲ ಜಾಗವಿರುವ ದೊಡ್ಡ ಮಳಿಗೆ ಸಮುಚ್ಚಯಗಳು ಎದ್ದವು. 1968ರಲ್ಲಿ ನೆಲದಡಿಯ ರೈಲು ಆ ಭಾಗದವರೆಗೂ ಬಂದು, ಬೀದಿಯ ಮೇಲೆ ಓಡುತ್ತಿದ್ದ ಟ್ರಾಮ್ ಗಾಡಿಗಳು ನಿಂತವು. ಟ್ರಾಮಿನ ಕಿಟಕಿಯಿಂದ ಅಂಗಡಿ ನೋಡಿ ಇಳಿಯುತ್ತಿದ್ದ ಗಿರಾಕಿ ಈಗ ನೆಲದ ಕೆಳಗೇ ಸಾಗಿಹೋಗತೊಡಗಿದ. ವರ್ತಕರು ವಂತಿಗೆ ಎತ್ತಿ ಬೀದಿಯನ್ನು ಚೆಂದಗೊಳಿಸಲು ನೋಡಿದರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ.

ಈ ತೊಡಕು ಎಲ್ಲ ಊರಿನದು. ಶಾಲೆಯ ಹಲಗೆಯ ಮೇಲೆ ಬರೆಯುವ ಲೆಕ್ಕದಂತೆ ಹೇಳುವುದಾದರೆ, ಬೀದಿಯಲ್ಲಿ 100 ಅಂಗಡಿಗಳಿವೆ ಎನ್ನಿ. ಮೊದಲ ತಿಂಗಳು 80 ಅಂಗಡಿಯವರು ವಂತಿಗೆ ಕೊಟ್ಟರು, ದೀಪ ಮಾತ್ರ 100 ಅಂಗಡಿಗೂ ಬೆಳಗಿತು. ಕೊಡದ 20 ಮಂದಿಯ ಬಾಗಿಲಿಗೂ ಬೆಳಕು ಬಿದ್ದದ್ದನ್ನು ಕಂಡು ಮುಂದಿನ ತಿಂಗಳು 60 ಮಂದಿ ಕೊಟ್ಟರು, ಅದರ ಮುಂದಿನ ತಿಂಗಳು 30. ವರ್ಷ ತುಂಬುವುದರೊಳಗೆ ದೀಪ ಆರಿತು. ಆಗ ಎಲ್ಲರೂ ಸಂಘದ ಕಾರ್ಯದರ್ಶಿಯನ್ನು ಬೈದರು!

ಬ್ಲೂರ್ ಬೀದಿಯವರು ಕಂಡುಕೊಂಡ ಉಪಾಯ ಇಷ್ಟೆ. ಬೀದಿಯ ಬಹುಮಂದಿ ಒಪ್ಪಿದ ಮೇಲೆ ವಂತಿಗೆ ಎಲ್ಲರಿಗೂ ಕಡ್ಡಾಯವಾಗಬೇಕು, ನಗರಾಡಳಿತವೇ ಅದನ್ನು ತೆರಿಗೆಯ ಜೊತೆ ವಸೂಲು ಮಾಡಿ ಬೀದಿಯ ಮಂಡಳಿಗೆ ಕೊಡಬೇಕು. ಒಂಟಾರಿಯೊ ಪ್ರಾಂತದ ಕಾನೂನು ಇದಕ್ಕೆ ಎಡೆಮಾಡಿಕೊಟ್ಟಿತು. 1970ರಲ್ಲಿ ಅಲ್ಲಿ ಜಗತ್ತಿನ ಮೊದಲ ಇಂಥ ಮಂಡಳಿ ನೆಲೆಗೊಂಡಿತು. ಬೆಂಚುಗಳು, ಹೂವಿನ ಕುಂಡಗಳು, ದೀಪಗಳು ಬಂದವು, ಬೀದಿ ಉಳಿಯಿತು. ಟೊರಾಂಟೊ ನಗರವೊಂದರಲ್ಲೇ ಇಂದು ಇಂಥ 80ಕ್ಕೂ ಹೆಚ್ಚು ಮಂಡಳಿಗಳಿವೆ. ಈ ಪದ್ಧತಿ ಇಂಗ್ಲೆಂಡ್, ದಕ್ಷಿಣ ಆಫ್ರಿಕಗಳವರೆಗೂ ಹಬ್ಬಿದೆ.

ಇಷ್ಟನ್ನು ಕೇಳಿ ನಮ್ಮ ವರ್ತಕ ಮಿತ್ರರು ಹಿಗ್ಗಬಹುದು. ಆದರೆ ಕಡ್ಡಾಯವಾಗಿ ಹಣ ಎತ್ತುವ ಮಂಡಳಿ ಸರಕಾರದ ಒಂದು ತುಂಡೇ ಆಯಿತು. ಹಾಗಿದ್ದ ಮೇಲೆ ಅದರಲ್ಲಿ ಯಾರಿಗೆ ಎಷ್ಟು ಮತ ಎಂಬ ಪ್ರಶ್ನೆ ಏಳುತ್ತದೆ. ಒಂಟಾರಿಯೊದ ಕಾನೂನು ಇದಕ್ಕೆ ಒಂದು ಉತ್ತರ ಕೊಡುತ್ತದೆ. ಅಲ್ಲಿ ಸ್ವತ್ತಿನ ಮಾಲೀಕನೂ ಸದಸ್ಯ, ಬಾಡಿಗೆಗೆ ಅಂಗಡಿ ಹಿಡಿದ ವ್ಯಾಪಾರಿಯೂ ಸದಸ್ಯ. ಒಬ್ಬನಿಗೆ ಎಷ್ಟೇ ಕಟ್ಟಡಗಳಿರಲಿ, ಮತ ಒಂದೇ. ನಮ್ಮ ಸಹಕಾರ ಸಂಘಗಳ ತತ್ವವೂ ಇದೇ. ಷೇರು ನೂರಿರಲಿ, ಒಂದಿರಲಿ, ಸದಸ್ಯನಿಗೆ ಒಂದು ಮತ.

ನ್ಯೂಯಾರ್ಕ್ ನಗರ ಕೊಟ್ಟ ಉತ್ತರ ಬೇರೆ. ಅಲ್ಲಿನ ಗ್ರಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಸುತ್ತಲಿನ ಮಂಡಳಿಯಲ್ಲಿ ಬಹುಮತವನ್ನು ಸ್ವತ್ತಿನ ಮಾಲೀಕರಿಗೇ ಮೀಸಲಿಟ್ಟರು. ಅಲ್ಲಿ ಬಾಡಿಗೆ ಮನೆಗಳಲ್ಲಿ ವಾಸಿಸುವವರಿಗೆಲ್ಲ ಸೇರಿ ಸಿಕ್ಕಿದ್ದು ಒಂದೇ ಸ್ಥಾನ. ಇದು ಒಬ್ಬನಿಗೆ ಒಂದು ಮತವೆಂಬ ನಿಯಮಕ್ಕೆ ವಿರುದ್ಧವೆಂದು ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಮಂಡಳಿಯ ಕೆಲಸ ಸೀಮಿತವಾದದ್ದು, ಅದು ಪೂರ್ಣ ಸರಕಾರವಲ್ಲ, ಆದ್ದರಿಂದ ಆ ನಿಯಮ ಅನ್ವಯಿಸದು ಎಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪು ಕಾನೂನಿನ ಪ್ರಕಾರ ಇರಬಹುದು. ಆದರೆ ಕಟ್ಟಡ ಉಳ್ಳವನ ಕೈಯಲ್ಲಿ ಬೀದಿ ಸಿಕ್ಕರೆ ಏನಾಗುತ್ತದೆಂಬುದನ್ನು ಅದೇ ವರ್ಷ, ಅದೇ ಬೀದಿಯ ಇನ್ನೊಂದು ಮೊಕದ್ದಮೆ ತೋರಿಸಿತು.

ಗ್ರಾಂಡ್ ಸೆಂಟ್ರಲ್ ಪ್ರದೇಶದ ಸಂಸ್ಥೆ ಮನೆಯಿಲ್ಲದ, ಕೆಲಸವಿಲ್ಲದ ಜನರನ್ನು ಕರೆದು ಕಸ ಗುಡಿಸಲು, ಕಾವಲು ಕಾಯಲು, ಕಛೇರಿ ಕೆಲಸಕ್ಕೆ ಹಚ್ಚಿತ್ತು. ಅವರಿಗೆ ಕೊಟ್ಟದ್ದು ಗಂಟೆಗೆ 1 ಡಾಲರಿನಿಂದ ಒಂದೂವರೆ ಡಾಲರು. ಆಗ ಆ ದೇಶದ ಕಾನೂನುಬದ್ಧ ಕನಿಷ್ಠ ವೇತನ 4 ಡಾಲರಿಗೂ ಮೇಲಿತ್ತು. ಇವರು ಕೆಲಸಗಾರರಲ್ಲ, ತರಬೇತಿ ಪಡೆಯುವವರು ಎಂದು ಸಂಸ್ಥೆ ವಾದಿಸಿತು. ಇವರು ಮಾಡುತ್ತಿದ್ದುದು ಕೆಲಸವೇ, ಇವರಿಗೆ ಕನಿಷ್ಠ ವೇತನ ಸಲ್ಲಲೇಬೇಕು ಎಂದು 1998ರಲ್ಲಿ ನ್ಯಾಯಾಧೀಶೆ ಸೋನಿಯಾ ಸೊಟೊಮಯೋರ್ ತೀರ್ಪಿತ್ತರು. ಮುಂದೆ 2009ರಲ್ಲಿ ಅವರು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶೆಯಾದರು. ಗಗನಚುಂಬಿ ಕಟ್ಟಡಗಳ ಒಡೆಯರು ಕೂಡಿ ನಡೆಸಿದ ಬೀದಿಯಲ್ಲಿ ಪೊರಕೆ ಹಿಡಿದವನು ತನ್ನ ಕೂಲಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು!

ಅಮೆರಿಕದ ಮಾತು ದೂರವೆನ್ನುವವರು ಪಕ್ಕದ ಕೇರಳವನ್ನು ನೋಡಲಿ. ಕೋಯಿಕ್ಕೋಡಿನ ಮಿಠಾಯಿ ತೆರುವು ಹೆಸರಾಂತ ಹಳೆಯ ಪೇಟೆ ಬೀದಿ. 2017ರಲ್ಲಿ ಅದನ್ನು ನವೀಕರಿಸಿ, ನಡೆದಾಡುವವರಿಗೆ ಮೀಸಲಾದ ಸುಂದರ ಬೀದಿಯನ್ನಾಗಿ ಮಾಡಿದರು. ಅದೇ ಊರಿನ ಜವಳಿ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಹೋರಾಡುತ್ತಿದ್ದುದು ಎರಡು ಸಣ್ಣ ಸೌಕರ್ಯಗಳಿಗಾಗಿ: ಹೋಗಲೊಂದು ಶೌಚಾಲಯ, ಗಿರಾಕಿ ಇಲ್ಲದಾಗ ಕೂರಲೊಂದು ಸ್ಟೂಲು. 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯಿದೆಯನ್ನು ತಿದ್ದಿ ಕೂರುವ ಹಕ್ಕನ್ನು ಬರಹದಲ್ಲಿ ಕೊಡಬೇಕಾಯಿತು. ನಮ್ಮ ಪೇಟೆಯ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಸಂಜೆ ಆರರ ಹೊತ್ತಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಸುಧಾರಣೆಯ ಯೋಜನೆಯಲ್ಲಿ ಅವರ ಹೆಸರಿಲ್ಲ.

ಇನ್ನು ಬೀದಿಯಲ್ಲಿ ಕುಳಿತು ಮಾರುವವರ ವಿಚಾರ. ಅವರು ಅಕ್ರಮವಾಗಿ ಕುಳಿತವರು ಎಂಬ ಮಾತು ಸರಾಗವಾಗಿ ಬರುತ್ತದೆ. ಬೀದಿಯಲ್ಲಿ ವ್ಯಾಪಾರ ಮಾಡುವುದು, ತಕ್ಕ ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನದ 19ನೆಯ ವಿಧಿ ಕೊಟ್ಟ ವೃತ್ತಿಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಪಾರ್ಲಿಮೆಂಟು 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆಯನ್ನೇ ಮಾಡಿದೆ. ಅದರಂತೆ ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ಬೀದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರಾಗಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ವರ್ತಕ ಸಂಘದವರಿಗೂ ಅದೇ ಸಮಿತಿಯಲ್ಲಿ ಸ್ಥಾನವಿದೆ. ಎಲ್ಲ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. 50 ವರ್ಷಕ್ಕೂ ಮೇಲ್ಪಟ್ಟು ಬೀದಿ ವ್ಯಾಪಾರ ನಡೆದುಬಂದ ಜಾಗವನ್ನು ಪರಂಪರೆಯ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿಂದ ವ್ಯಾಪಾರಿಗಳನ್ನು ಬೇರೆಡೆಗೆ ಕಳಿಸಕೂಡದು ಎಂಬ ತತ್ವವೂ ಆ ಕಾಯಿದೆಯಲ್ಲಿದೆ. ಹೀಗಿರುವಾಗ ‘ಎಬ್ಬಿಸಬೇಕು’ ಎಂಬ ಮಾತಿಗೆ ವರ್ತಕರ ಸಭೆ ತಕ್ಕ ಜಾಗವಲ್ಲ.

ಕಾನೂನು ಬದಿಗಿರಲಿ, ವ್ಯಾಪಾರದ ಬುದ್ಧಿಯಿಂದಲೇ ನೋಡೋಣ. ಹಳ್ಳಿಯಿಂದ ಬಸ್ಸಿಳಿದು ಬರುವ ಹೆಣ್ಣುಮಗಳು ಮೊದಲು ಹೂವು ಸೊಪ್ಪಿನ ಬುಟ್ಟಿಯ ಹತ್ತಿರ ನಿಲ್ಲುತ್ತಾಳೆ, ಆಮೇಲೆ ಪಾತ್ರೆ ಅಂಗಡಿಗೆ, ಜವಳಿ ಅಂಗಡಿಗೆ ಹೋಗುತ್ತಾಳೆ. ಬೀದಿಗೆ ಜನ ಸೇರಿಸುವವರಲ್ಲಿ ಬುಟ್ಟಿಯವರೂ ಇದ್ದಾರೆ. ಅವರನ್ನು ಎಬ್ಬಿಸಿದ ಬೀದಿಯಲ್ಲಿ ದೀಪ ಉರಿಯುತ್ತದೆ, ಜನ ಕಡಿಮೆಯಾಗುತ್ತಾರೆ. ನಡೆಯಲು ದಾರಿ ಬೇಕೆಂಬ ವರ್ತಕರ ದೂರು ನ್ಯಾಯವಾದದ್ದೇ. ಗೆರೆ ಎಳೆದು, ಬುಟ್ಟಿಗಿಷ್ಟು ಜಾಗ, ನಡೆಯುವವರಿಗಿಷ್ಟು ಜಾಗ ಎಂದು ಗೊತ್ತುಮಾಡಲಿ. ಆ ಗೆರೆಯಾಚೆ ಚಾಚಿಕೊಂಡಿರುವ ಅಂಗಡಿಗಳ ಮೆಟ್ಟಿಲು, ತಗಡಿನ ಸೂರು, ಸರಕಿನ ರಾಶಿಗಳನ್ನೂ ಅದೇ ದಿನ ಹಿಂದಕ್ಕೆ ಸರಿಸಲಿ.

ಸಣ್ಣ ವರ್ತಕರು ಎಚ್ಚರದಿಂದಿರಬೇಕಾದ ಇನ್ನೊಂದು ಸಂಗತಿಯಿದೆ. ಬೀದಿ ಚೆಂದವಾದರೆ ಕಟ್ಟಡಗಳ ಬಾಡಿಗೆ ಏರುತ್ತದೆ. ವಂತಿಗೆ ಕೊಟ್ಟವನು ಬಾಡಿಗೆ ಅಂಗಡಿಯವನು, ಲಾಭ ಪಡೆದವನು ಕಟ್ಟಡದ ಮಾಲೀಕ ಎಂದಾಗಬಾರದು. ಮೂರು ವರ್ಷ ವಂತಿಗೆ ಕೊಟ್ಟು ಬೀದಿಯನ್ನು ಬೆಳಗಿಸಿದವನು ನಾಲ್ಕನೆಯ ವರ್ಷ ಬಾಡಿಗೆ ಕೊಡಲಾರದೆ ಅಂಗಡಿ ಖಾಲಿ ಮಾಡುವ ಗತಿ ಬಂದರೆ, ಆ ಸುಧಾರಣೆ ಯಾರಿಗಾಗಿ? ಆದ್ದರಿಂದ ವಂತಿಗೆಯ ಹೆಚ್ಚಿನ ಭಾರ ಮಾಲೀಕರ ಮೇಲಿರಬೇಕು. ಇಷ್ಟು ವರ್ಷ ಬಾಡಿಗೆ ಏರಿಸುವುದಿಲ್ಲವೆಂಬ ಲಿಖಿತ ಒಪ್ಪಂದ ಮೊದಲೇ ಆಗಬೇಕು.

ನಗರಸಭೆಯೂ ಈ ನೆಪದಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ. ದೀಪ, ಚರಂಡಿ, ಕಸ ಇವು ನಗರಸಭೆಯ ಕೆಲಸ, ಇವಕ್ಕಾಗಿಯೇ ನಾವೆಲ್ಲ ತೆರಿಗೆ ಕೊಡುತ್ತೇವೆ. ಪೇಟೆಯವರು ತಮ್ಮ ಹಣದಿಂದ ಕೆಲಸ ಮಾಡಿಸಿಕೊಂಡರೆಂದು ಅಲ್ಲಿನ ಪೌರಕಾರ್ಮಿಕರನ್ನು ಕಡಿಮೆ ಮಾಡುವುದಾಗಲಿ, ಹಣವಿಲ್ಲದ ಕೇರಿಯವರಿಗೆ ‘ನೀವೂ ವಂತಿಗೆ ಹಾಕಿಕೊಳ್ಳಿ’ ಎಂದು ಬುದ್ಧಿ ಹೇಳುವುದಾಗಲಿ ನಡೆಯಕೂಡದು. ಪೇಟೆ ಬೀದಿಗೆ ಬೆಳಕು, ಹಿಂದಿನ ಕೇರಿಗೆ ಕತ್ತಲೆ ಎಂಬ ವ್ಯವಸ್ಥೆಯನ್ನು ನಾವು ಒಪ್ಪಲಾರೆವು.

ಆದ್ದರಿಂದ ನಮ್ಮ ಸಲಹೆ ಇದು. ಮಂಡಳಿ ಆಗಲಿ. ಅದರಲ್ಲಿ ಅಂಗಡಿ ದೊಡ್ಡದಿರಲಿ ಸಣ್ಣದಿರಲಿ, ಸದಸ್ಯನಿಗೆ ಒಂದೇ ಮತವಿರಲಿ. ಬೀದಿ ವ್ಯಾಪಾರಿಗಳು, ಹಮಾಲರು, ಅಂಗಡಿ ಗುಮಾಸ್ತರು, ಇವರು ಆರಿಸಿದ ಪ್ರತಿನಿಧಿಗಳು ಅಲ್ಲಿ ಮತಸಹಿತ ಕೂರಲಿ. ಗುಡಿಸುವವರಿಗೂ ಕಾವಲಿನವರಿಗೂ ಕಾನೂನಿನ ವೇತನ ಸಲ್ಲಲಿ. 1961ರ ಅಂಗಡಿಗಳ ಕಾಯಿದೆ ಗೊತ್ತುಮಾಡಿದ ವಾರದ ರಜೆ ಬೀದಿಯ ಪ್ರತಿಯೊಂದು ಅಂಗಡಿಯಲ್ಲೂ ನಿಜವಾಗಿ ಸಿಗಲಿ. ಎತ್ತಿದ ಮೊದಲ ಹಣದಿಂದ ಹೆಂಗಸರಿಗೆ ಶುಚಿಯಾದ ಶೌಚಾಲಯ ಕಟ್ಟಲಿ, ಹೂವಿನ ಕುಂಡ ಆಮೇಲೆ ಬರಲಿ. ಲೆಕ್ಕಪತ್ರವನ್ನು ತಿಂಗಳಿಗೊಮ್ಮೆ ಬೀದಿಯಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ, ಹಲಗೆಯ ಮೇಲೆ ಬರೆಯಲಿ.

ಇದಕ್ಕೆ ಒಪ್ಪಿದರೆ ನಮ್ಮ ಕಾರ್ಯಕರ್ತರು ವರ್ತಕರ ಜೊತೆ ಅಂಗಡಿ ಅಂಗಡಿಗೆ ತಿರುಗಿ ವಂತಿಗೆ ಎತ್ತಲು ಸಿದ್ಧರಿದ್ದಾರೆ. ಒಪ್ಪದೆ ಬುಟ್ಟಿಗಳನ್ನು ಎಬ್ಬಿಸಲು ಬಂದರೆ, ಅದೇ ಕಾರ್ಯಕರ್ತರು ಬುಟ್ಟಿಗಳ ಪಕ್ಕದಲ್ಲಿ ಕುಳಿತಿರುತ್ತಾರೆ. ವರ್ತಕರೂ ಬುಟ್ಟಿಯವರೂ ಒಂದೇ ಬೀದಿಯ ಅನ್ನ ತಿನ್ನುವವರು. ಸೂರ್ಯ ಹುಟ್ಟುವ ಮೊದಲೇ ಸೊಪ್ಪಿನ ಕಟ್ಟು ಹೊತ್ತು ಬರುವಾಕೆಯನ್ನೂ ತಮ್ಮ ಮುಂದಿನ ಸಭೆಗೆ ಕರೆಯಬೇಕೆಂದು ವರ್ತಕ ಬಂಧುಗಳಲ್ಲಿ ನಾವು ವಿನಂತಿಸುತ್ತೇವೆ.