ಖಾತೆ ಅವನದು, ಚುಚ್ಚುಮದ್ದು ಅವಳಿಗೆ

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ “ಏನಾದರೂ ವಿಶೇಷವೇ?” ಎಂಬ ಪ್ರಶ್ನೆ ನಮ್ಮ ಹೆಣ್ಣುಮಕ್ಕಳ ಬೆನ್ನು ಹತ್ತುತ್ತದೆ. ಅವಳು ಹಾವೇರಿಯಲ್ಲಿರಲಿ, ಅಮೆರಿಕದ ಟೆಕ್ಸಾಸ್‌ನಲ್ಲಿರಲಿ, ಪ್ರಶ್ನೆ ಬದಲಾಗುವುದಿಲ್ಲ. ಬದಲಾಗುವುದು ಹಣದ ಲೆಕ್ಕ. ಈ ಸಲ ನಾನು ಬರೆಯಹೊರಟಿರುವುದು ಅಮೆರಿಕದ ಆ ಲೆಕ್ಕದ ಬಗ್ಗೆ. ವರದಕ್ಷಿಣೆಯ ವಿರುದ್ಧ ಬರೆಯುವ ಪತ್ರಿಕೆಗೆ ಅಲ್ಲಿನ ತೆರಿಗೆ ಕಾನೂನು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಊರುಗಳ ಎಷ್ಟೋ ಹೆಣ್ಣುಮಕ್ಕಳು ಗಂಡನ ವೀಸಾದ ಆಸರೆಯಲ್ಲಿ ಅಲ್ಲಿ ಬದುಕುತ್ತಿದ್ದಾರೆ. ವರದಕ್ಷಿಣೆಯೂ ಅವರ ಜೊತೆಗೇ ವಿಮಾನ ಹತ್ತಿದೆ.

ಅಲ್ಲಿ ಐವಿಎಫ್‌ನ ಒಂದು ಸುತ್ತಿಗೆ ಸಾಮಾನ್ಯವಾಗಿ 15,000ದಿಂದ 20,000 ಡಾಲರ್ ಬೇಕು. ಒಂದೇ ಸುತ್ತಿನಲ್ಲಿ ಗರ್ಭ ನಿಲ್ಲುವ ಖಾತರಿಯಿಲ್ಲ. ಅನೇಕ ವಿಮೆಗಳು ಇದರ ಖರ್ಚನ್ನು ಭರಿಸುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ 1987ರಲ್ಲೇ ಭರಿಸಬೇಕೆಂದು ಕಾನೂನು ಮಾಡಿತು. ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಗುಂಪು ವಿಮೆಗಳಿಗೆ 2026ರ ಜನವರಿಯಿಂದ ಕಡ್ಡಾಯವಾಗಿದೆ. ಆದರೆ ದೊಡ್ಡ ಕಂಪನಿಗಳು ತಮ್ಮದೇ ಹಣದಿಂದ ನಡೆಸುವ ವಿಮೆಗಳಿಗೆ ರಾಜ್ಯಗಳ ಈ ಕಟ್ಟಳೆ ತಾಗುವುದಿಲ್ಲ. ಹೀಗೆ ಹೊರಗುಳಿದವರು ಮೊರೆಹೋಗುವುದು, ಸಂಬಳಕ್ಕೆ ತೆರಿಗೆ ಬೀಳುವ ಮುಂಚೆಯೇ ಒಂದಿಷ್ಟನ್ನು ವೈದ್ಯಕೀಯ ಖರ್ಚಿಗೆಂದು ಎತ್ತಿಡುವ ಖಾತೆಗಳಿಗೆ.

ಇವು ಮುಖ್ಯವಾಗಿ ಎರಡು. ಮೊದಲನೆಯದು ಎಫ್‌ಎಸ್‌ಎ. ಇದು ಕಂಪನಿಯ ಮೂಲಕವೇ ನಡೆಯುವಂಥದ್ದು. 2026ರ ಮಿತಿ 3,400 ಡಾಲರ್. ವರ್ಷಕ್ಕೆಂದು ಒಪ್ಪಿಕೊಂಡ ಪೂರ್ತಿ ಮೊತ್ತವನ್ನು ಮೊದಲ ದಿನವೇ ಬಳಸಬಹುದು. ಆದರೆ ಅವಧಿಯೊಳಗೆ ಖರ್ಚು ಮಾಡದ ಹಣದ ಬಹುಪಾಲು ಕೈತಪ್ಪುತ್ತದೆ. ಎರಡನೆಯದು ಎಚ್‌ಎಸ್‌ಎ, 2003ರ ಕಾನೂನಿನಿಂದ ಬಂದದ್ದು. ಆರಂಭದ ಹೆಚ್ಚಿನ ಖರ್ಚನ್ನು ನಾವೇ ಹೊರಬೇಕಾದ ಬಗೆಯ ವಿಮೆಯಿದ್ದವರಿಗೆ ಮಾತ್ರ ಇದು ಸಿಗುತ್ತದೆ. ಕುಟುಂಬಕ್ಕೆ 2026ರ ಮಿತಿ 8,750 ಡಾಲರ್. ಹಣ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ, ಕೆಲಸ ಹೋದರೂ ಖಾತೆ ಹೋಗುವುದಿಲ್ಲ. ಐವಿಎಫ್, ಅಂಡಾಣು ಅಥವಾ ವೀರ್ಯವನ್ನು ತಾತ್ಕಾಲಿಕವಾಗಿ ಕಾಪಿಡುವ ಖರ್ಚು, ಹಿಂದೆ ಮಾಡಿಸಿದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸರಿಪಡಿಸುವ ಖರ್ಚು, ಇವನ್ನೆಲ್ಲ ಅಲ್ಲಿನ ತೆರಿಗೆ ಇಲಾಖೆ ವೈದ್ಯಕೀಯ ಖರ್ಚೆಂದೇ ಒಪ್ಪುತ್ತದೆ. ಬಾಡಿಗೆ ತಾಯಿಗೆ ಕೊಡುವ ಹಣವನ್ನು ಒಪ್ಪುವುದಿಲ್ಲ.

ಇದು ವಿಮೆಯಲ್ಲ, ರಿಯಾಯಿತಿ. ಶೇ. 22ರ ತೆರಿಗೆ ಹಂತದಲ್ಲಿರುವ ಕುಟುಂಬ ಪೂರ್ತಿ 8,750 ಡಾಲರ್ ತುಂಬಿದರೆ ಆದಾಯ ತೆರಿಗೆಯಲ್ಲಿ ಉಳಿಯುವುದು 1,925 ಡಾಲರ್. ಮಿಕ್ಕದ್ದೆಲ್ಲ ಸ್ವಂತ ದುಡ್ಡೇ. ಸಂಬಳ ಹೆಚ್ಚಿದ್ದಷ್ಟೂ ಉಳಿತಾಯ ಹೆಚ್ಚು. ಪೆಟ್ರೋಲ್ ಬಂಕಿನಲ್ಲಿ ದುಡಿಯುವವರಿಗೆ ಇದರಿಂದ ಸಿಗುವುದು ಪುಡಿಗಾಸು. ಉಳ್ಳವರಿಗೇ ಬಡಿಸುವ ಈ ವ್ಯವಸ್ಥೆಯನ್ನು ನಾನಂತೂ ಹೊಗಳಲಾರೆ.

ಆದರೆ ನಮ್ಮ ಮಾತು ಬೇರೆ. ಎಚ್‌ಎಸ್‌ಎ ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ ತೆರೆಯುವಂತಿಲ್ಲ, ಅದು ಒಬ್ಬರ ಹೆಸರಿನಲ್ಲೇ ಇರಬೇಕು. ಎಚ್-4 ವೀಸಾದ ಮೇಲೆ ಹೋದ ಹೆಂಡತಿಗೆ ಕೆಲಸ ಮಾಡುವ ಅನುಮತಿ ತಾನಾಗಿ ಸಿಗುವುದಿಲ್ಲ. 2015ರ ನಿಯಮದಂತೆ ಕೆಲವರಿಗೆ ಸಿಕ್ಕಿದೆ, ಅದೂ ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ಮುಟ್ಟಿದ ಮೇಲೆ. ಹೀಗಾಗಿ ಸಂಬಳ ಅವನದು, ವಿಮೆ ಅವನದು, ಖಾತೆ ಅವನದು. ಯಾವ ಚಿಕಿತ್ಸೆ, ಎಷ್ಟು ಸುತ್ತು, ಯಾವಾಗ ನಿಲ್ಲಿಸುವುದು ಎಂಬ ತೀರ್ಮಾನವೂ ಅವನದೇ ಆಗಿಬಿಡುತ್ತದೆ. ದೋಷ ಗಂಡಸಿನ ವೀರ್ಯದಲ್ಲಿದ್ದಾಗಲೂ ಐವಿಎಫ್‌ನ ಹಾರ್ಮೋನ್ ಚುಚ್ಚುಮದ್ದು ಬೀಳುವುದು ಹೆಣ್ಣಿನ ಮೈಗೆ. ಅಂಡಾಣು ತೆಗೆಯಲು ಮಲಗಬೇಕಾದವಳೂ ಅವಳೇ. ವೀರ್ಯ ಪರೀಕ್ಷೆಯಾದರೋ ಈ ಎಲ್ಲದರಲ್ಲಿ ಅತಿ ಸುಲಭದ್ದು, ಅತಿ ಅಗ್ಗದ್ದು. ಅದನ್ನು ಮೊದಲು ಮಾಡಿಸಿದ ಗಂಡಂದಿರು ಎಷ್ಟು ಮಂದಿ?

ಡಲ್ಲಾಸ್ ಸಮೀಪದಿಂದ ಓದುಗರೊಬ್ಬರು ನನಗೆ ಬರೆದಿದ್ದಾರೆ. “ತೊಂದರೆ ನಿಮ್ಮ ಮಗಳದು, ಖರ್ಚೂ ನಿಮ್ಮದೇ” ಎಂದು ಅತ್ತೆ ತವರಿಗೆ ಫೋನು ಮಾಡಿದರು. ತಂದೆ ಸೈಟು ಮಾರಿ 12 ಲಕ್ಷ ರೂಪಾಯಿ ಅಳಿಯನಿಗೆ ಕಳಿಸಿದರು. ಆಸ್ಪತ್ರೆಯ ಬಿಲ್ಲು ತೀರಿತು, ರಸೀದಿಗಳು ಗಂಡನ ಫೈಲು ಸೇರಿದವು. ಮರುವರ್ಷ ಅವೇ ರಸೀದಿಗಳ ಆಧಾರದ ಮೇಲೆ ಆತ ತನ್ನ ಎಚ್‌ಎಸ್‌ಎಯಿಂದ 11,000 ಡಾಲರನ್ನು ತೆರಿಗೆಯಿಲ್ಲದೆ ತೆಗೆದು ಮನೆಯ ಸಾಲಕ್ಕೆ ಕಟ್ಟಿದ. ಆ ಖಾತೆಗೆ ಇಂಥ ಅನುಕೂಲವಿದೆ: ಖಾತೆ ತೆರೆದ ನಂತರದ ಖರ್ಚಾಗಿದ್ದರೆ ವರ್ಷಗಳ ಮೇಲೂ ಹಣ ಹಿಂಪಡೆಯಬಹುದು. ಹಣ ಯಾರ ತವರಿನಿಂದ ಬಂತೆಂದು ತೆರಿಗೆಯ ಫಾರಂ ಕೇಳುವುದಿಲ್ಲ. ಇಬ್ಬರೂ ಸೇರಿ ಸಲ್ಲಿಸುವ ತೆರಿಗೆ ಪತ್ರಕ್ಕೆ ಸಹಿ ಹಾಕುವಾಗ 8889 ಎಂಬ ಫಾರಂ ಕಣ್ಣಿಗೆ ಬಿದ್ದುದರಿಂದ ಮಾತ್ರ ಆಕೆಗೆ ವಿಷಯ ತಿಳಿಯಿತು.

ಇದನ್ನು ವರದಕ್ಷಿಣೆ ಎನ್ನದೆ ಮತ್ತೇನೆನ್ನಬೇಕು? ಮನೆ ಕಟ್ಟಲು ತವರಿನಿಂದ ಕೇಳಿದ ಹಣವೂ ವರದಕ್ಷಿಣೆಯೇ ಎಂದು 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ಪತ್ರೆಯ ಹೆಸರಿನಲ್ಲಿ ಕೇಳಿದ ಹಣಕ್ಕೂ ಆ ನ್ಯಾಯ ಸಲ್ಲಬೇಕೆಂಬುದು ನನ್ನ ವಾದ.

ಅಲ್ಲಿರುವ ಸೋದರಿಯರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಎಚ್‌ಎಸ್‌ಎ ತೆರೆಯಲು ದುಡಿಮೆಯ ಆದಾಯ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಕುಟುಂಬದ ವಿಮೆ ಆ ಬಗೆಯದಾಗಿದ್ದು, ನಿಮಗೆ ಬೇರೆ ವಿಮೆ ಇಲ್ಲದಿದ್ದರೆ ನಿಮ್ಮ ಹೆಸರಿನಲ್ಲೇ ಪ್ರತ್ಯೇಕ ಖಾತೆ ತೆರೆಯುವ ಅರ್ಹತೆ ನಿಮಗಿದೆ. 8,750ರ ಮಿತಿಯನ್ನು ದಂಪತಿಗಳು ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ಇಬ್ಬರಿಗೂ ಸಮಪಾಲು ಎಂದೇ ಕಾನೂನಿನಲ್ಲಿದೆ. ಅರ್ಧ ನಿಮ್ಮ ಖಾತೆಗೆ ಹಾಕಿಸಿಕೊಳ್ಳುವುದು ಭಿಕ್ಷೆಯಲ್ಲ. ವಿಚ್ಛೇದನವಾದರೆ ಗಂಡನ ಖಾತೆಯ ಪಾಲನ್ನು ತೆರಿಗೆಯಿಲ್ಲದೆ ನಿಮ್ಮ ಹೆಸರಿಗೆ ವರ್ಗಾಯಿಸಲೂ ಅವಕಾಶವಿದೆ. ಯಾವ ಫಾರಂಗೂ ಓದದೆ ಸಹಿ ಹಾಕಬೇಡಿ. ತವರಿನಿಂದ ಬಂದ ಹಣದ ಬ್ಯಾಂಕ್ ಚೀಟಿ, ಆಸ್ಪತ್ರೆಯ ರಸೀದಿ, ಇವುಗಳ ಒಂದು ಪ್ರತಿ ನಿಮ್ಮ ಬಳಿ ಇರಲಿ.

ಹೊಡೆತ ಬಡಿತದ ಭಯವಿದ್ದರೆ ಇನ್ನೊಂದು ದಾರಿಯಿದೆ. ವಿಮೆಯ ಪತ್ರಗಳು ಸಾಮಾನ್ಯವಾಗಿ ಗಂಡನ ಹೆಸರಿಗೆ ಬರುತ್ತವೆ. ಅವು ಅವನ ಕೈಸೇರಿದರೆ ತನಗೆ ಅಪಾಯವಿದೆ ಎಂದು ನೀವು ವಿಮಾ ಕಂಪನಿಗೆ ತಿಳಿಸಿ ಬೇರೆ ವಿಳಾಸ ಕೊಟ್ಟರೆ, ನ್ಯಾಯವಾದ ಆ ಕೋರಿಕೆಯನ್ನು ಅದು ನಡೆಸಿಕೊಡಲೇಬೇಕು. ಆದರೆ ಗಂಡನ ಖಾತೆಯ ಕಾರ್ಡು ಬಳಸಿದರೆ ಆ ಲೆಕ್ಕ ಅವನಿಗೆ ಕಂಡೇ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಹಿಂಸೆಗೊಳಗಾದ ಎಚ್-4 ಪತ್ನಿಯರು ಸ್ವತಂತ್ರವಾಗಿ ಕೆಲಸದ ಅನುಮತಿ ಕೇಳಲು ಐ-765ವಿ ಎಂಬ ಅರ್ಜಿಯಿದೆ. ಅದಕ್ಕೆ ಗಂಡನ ಸಹಿ ಬೇಕಿಲ್ಲ.

ಮಗಳ ಚಿಕಿತ್ಸೆಗೆಂದು ಹಣ ಕಳಿಸಿದ ತಂದೆತಾಯಿಯರೂ ನಮಗೆ ಬರೆಯಿರಿ. ಎಷ್ಟು ಕೊಟ್ಟಿರಿ, ಯಾರು ಕೇಳಿದರು, ಅಳಿಯನ ಪರೀಕ್ಷೆ ಆಗಿತ್ತೇ ಎಂಬುದಿಷ್ಟು ಸಾಕು. ಹೆಸರು, ಊರು ಪ್ರಕಟಿಸುವುದಿಲ್ಲ.