ಹೆದ್ದಾರಿ ಹಕ್ಕಿಗೆ ಕೊಟ್ಟದ್ದು, ಕೋತಿಯಿಂದ ಕಿತ್ತುಕೊಂಡದ್ದು

ಪೆರೇಸಂದ್ರ ಸುತ್ತಲಿನ ಊರುಗಳ ಬಂಧುಗಳೇ,

ಕೋತಿಗಳನ್ನು ಹಿಡಿದು ದೂರ ಬಿಟ್ಟುಬನ್ನಿ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮಾವು, ಟೊಮೆಟೊ ಕಳೆದುಕೊಂಡ ರೈತರ ಸಿಟ್ಟು ನ್ಯಾಯವಾದದ್ದೇ. ಆದರೂ ದಯವಿಟ್ಟು ಒಂದು ವಿಷಯ ಕೇಳಿ.

ನಮ್ಮ ಹೆದ್ದಾರಿ ಒಂದು ಹಕ್ಕಿಗೆ ನೆಲೆ ಕೊಟ್ಟಿದೆ, ಕೋತಿಯ ನೆಲೆ ಕಿತ್ತುಕೊಂಡಿದೆ. ಅದರ ಸೇತುವೆಗಳ ಅಡಿಯಲ್ಲಿ ಕತ್ತೆತ್ತಿ ನೋಡಿದರೆ ಕಾಂಕ್ರೀಟಿಗೆ ಅಂಟಿದ ಪುಕ್ಕ, ಹುಲ್ಲಿನ ಮುದ್ದೆಗಳು ಕಾಣುತ್ತವೆ. ಅವು ಬಾನಾಡಿಯ, ಅಂದರೆ ಸ್ವಿಫ್ಟ್ ಹಕ್ಕಿಯ ಗೂಡುಗಳು. ಹಾರುತ್ತಲೇ ಗಾಳಿಯಲ್ಲಿ ತೇಲುವ ಪುಕ್ಕ ಹಿಡಿದು, ಎಂಜಲಿನಿಂದ ಮೆತ್ತಿ ಕಟ್ಟುತ್ತದೆ. ನೋಡಲು ಕವಲುತೋಕೆಯಂತಿದ್ದರೂ ಅದರ ಹತ್ತಿರದ ನೆಂಟ ಅಮೆರಿಕದ ಹಮ್ಮಿಂಗ್‌ಬರ್ಡ್. ಆಫ್ರಿಕಾದಿಂದ ಭಾರತದವರೆಗೆ ಹರಡಿರುವ ಈ ಹಕ್ಕಿಗೆ ನಮ್ಮ ಸಿಮೆಂಟು ಒಗ್ಗಿಹೋಗಿದೆ. ಜೀವಿಗಳ ಅಳಿವಿನ ಅಪಾಯ ದಾಖಲಿಸುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಸದ್ಯಕ್ಕೆ ಆತಂಕವಿಲ್ಲದ ಗುಂಪಿನಲ್ಲಿದೆ.

ಕೋತಿಯ ಕಥೆ ತಿರುಗುಮುರುಗು. ನೆತ್ತಿಯ ಮೇಲೆ ಬೈತಲೆ ತೆಗೆದಂತೆ ಕೂದಲಿರುವ ನಮ್ಮ ಬಾನೆಟ್ ಮಕಾಕ್, ಮನುಷ್ಯರಾದ ನಾವು ಸೇರಿರುವ ಪ್ರೈಮೇಟ್ ಗಣದ್ದೇ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದಿಲ್ಲ. ಮೈಸೂರು ಭಾಗದಲ್ಲಿ 25 ವರ್ಷಗಳಲ್ಲಿ ಅದರ ಸಂಖ್ಯೆ ಶೇ 65ಕ್ಕೂ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಈಗ ಕೆಂಪು ಪಟ್ಟಿಯಲ್ಲಿ ಅದು ಅಪಾಯದಂಚಿನ ಜೀವಿ. ರಸ್ತೆ ಅಗಲವಾದಾಗ ಆಲ, ಅರಳಿ, ಅತ್ತಿಯ ಸಾಲುಮರಗಳು ಉರುಳಿದವು. ಅವುಗಳ ಹಣ್ಣು ತಿಂದು, ಅಲ್ಲೇ ಮಲಗುತ್ತಿದ್ದ ಗುಂಪುಗಳಿಗೆ ಉಳಿದದ್ದು ನಮ್ಮ ಛಾವಣಿ, ತೋಟ. ನಾವು ಕಾಣುವ ಹಿಂಡು ಹೆಚ್ಚಿದ ಸಂತತಿಯಲ್ಲ, ನೆಲೆ ತಪ್ಪಿದ ಸಂತತಿ. ಹಿಡಿದು ಬಿಟ್ಟರೆ ಇನ್ನೊಂದು ಊರಿನ ತೋಟ ಹಾಳಾಗುತ್ತದೆ, ಅಷ್ಟೇ.

ಹಕ್ಕಿಗೆ ನಾವು ಮಾಡಬೇಕಾದದ್ದು ಬಹಳ ಕಡಿಮೆ. ಬಣ್ಣ ಬಳಿಯುವಾಗ, ದುರಸ್ತಿ ಮಾಡುವಾಗ ಮೊಟ್ಟೆ ಮರಿ ಇರುವ ಗೂಡು ಕೆಡವಬೇಡಿ. ಕೋತಿಗೆ ಮಾತ್ರ ಕೆಲಸವಿದೆ. ಗುಡಿಬಂಡೆ ಕಡೆಗೋ ನಂದಿಬೆಟ್ಟಕ್ಕೋ ಹೋಗುವವರು ಕಾರಿನಿಂದ ಬಿಸ್ಕತ್ತು, ಚಿಪ್ಸ್ ಎಸೆಯಬೇಡಿ. ಆ ತುತ್ತಿಗಾಗಿ ರಸ್ತೆಗಿಳಿದ ತಾಯಿ ಮರಿ ಚಕ್ರಕ್ಕೆ ಸಿಗುತ್ತವೆ. ಅಂಗಡಿಯವರು ಕಸದ ತೊಟ್ಟಿಗೆ ಮುಚ್ಚಳ ಹಾಕಿ. ರಸ್ತೆಬದಿಯ ಹಳೆಯ ಆಲಕ್ಕೆ ಕೊಡಲಿ ಬೀಳುವುದು ಕಂಡರೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ, ಅರಣ್ಯ ಇಲಾಖೆಗೆ ತಿಳಿಸಿ. ಮುಂದಿನ ಗ್ರಾಮಸಭೆಯಲ್ಲಿ ಕೆರೆ ಏರಿ, ಗೋಮಾಳದಂಚಿನಲ್ಲಿ ಅತ್ತಿ, ಆಲ ನೆಡುವ ಬೇಡಿಕೆ ಬರೆಸಿ. ಆಲದ ದಪ್ಪ ಕೊಂಬೆ ನೆಟ್ಟರೂ ಚಿಗುರುತ್ತದೆ, ಖರ್ಚು ಹೆಚ್ಚಿಲ್ಲ. ಮುಂಗಾರಿಗೆ ಮೊದಲೇ ಜಾಗ ಗುರುತಿಸಿ ಅರ್ಜಿ ಕೊಡಿ.