ಹೆಸರು ಗಳಿಸೋದು ಬೇರೆ, ಬರೆಸೋದು ಬೇರೆ

ಹೋದ ವರ್ಷ ಕುಂದಾಪುರದ ಕಡೆಯಿಂದ ದೂರದ ಸಂಬಂಧಿಕರೊಬ್ಬರು ಫೋನ್ ಮಾಡಿದರು. "ಭಾವ, ಅಲ್ಲಿ ನಮ್ಮೂರಿನ ಹುಡುಗನ ಬಿಸಿನೆಸ್ ಭಾರೀ ಜೋರಂತಲ್ಲ? ಮೊಬೈಲಲ್ಲಿ ನೋಡಿದೆ, ಸಾವಿರಾರು ಜನ ಹೊಗಳ್ತಾರೆ. ಮಗಳ ಮದುವೆಗೆ ಇಟ್ಟ ಆರು ಲಕ್ಷ ಅವನಿಗೆ ಕೊಡ್ಲಾ? ಬ್ಯಾಂಕಿಗಿಂತ ಡಬಲ್ ಬಡ್ಡಿ ಕೊಡ್ತೇನೆ ಅಂದಿದ್ದಾನೆ."

ಹುಡುಗ ನನಗೆ ಗೊತ್ತು. ಭಿವಂಡಿಯಲ್ಲಿ ಹೋಟೆಲುಗಳಿಗೆ ಬೇಕಾದ ಒಲೆ, ಸ್ಟೀಲ್ ಮೇಜು ಮಾಡುವ ವರ್ಕ್‌ಶಾಪ್ ಇಟ್ಟಿದ್ದಾನೆ. ನಾನು ಇಪ್ಪತ್ತೆಂಟು ವರ್ಷ ಮುಂಬೈಯ ಶಾಖೆಗಳಲ್ಲಿ ಸಾಲದ ಫೈಲು ನೋಡಿದವನು. ಸಾಲ ಕೇಳಿದವನ ಮಾತು ಕೇಳುವ ಮೊದಲು ಅವನಿಗೆ ಮಾಲು ಕೊಟ್ಟವನ ಮಾತು ಕೇಳಬೇಕು ಅನ್ನೋದು ನಮ್ಮ ಹಳೇ ಪಾಠ. ಅವನಿಗೆ ಬರ್ನರ್ ಮಾಡಿಕೊಡುವ ವಸಾಯಿಯ ಸಣ್ಣ ವರ್ಕ್‌ಶಾಪಿನವನನ್ನು ವಿಚಾರಿಸಿದೆ. ಐದು ತಿಂಗಳಿಂದ ದುಡ್ಡು ಬಂದಿಲ್ಲ. "ಕೊಡಬೇಡಿ" ಅಂತ ಊರಿಗೆ ಫೋನ್ ಮಾಡಿ ಹೇಳಿದೆ.

ಊರಿನಲ್ಲಿರುವ ನೀವು ಮೊಬೈಲಲ್ಲಿ ನೋಡುವ ಈ ಹೊಗಳಿಕೆಯ ಅಡುಗೆ ಹೇಗೆ ಆಗ್ತದೆ ಅಂತ ಹೇಳಲೇಬೇಕು ಅನ್ನಿಸಿ ಇದನ್ನು ಬರೀತಿದ್ದೇನೆ.

ಲಿಂಕ್ಡ್‌ಇನ್ ಅಂತ ಒಂದಿದೆ. 2003ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರಿಗೆ ಕೊಂಡಿತು. ನಮ್ಮ ದೇಶದಲ್ಲೇ ಅದರ ಸದಸ್ಯರ ಸಂಖ್ಯೆ 2023ರಲ್ಲಿ 10 ಕೋಟಿ ದಾಟಿತು. ಮೊದಲು ಕೆಲಸ ಹುಡುಕುವವರ, ಕೆಲಸ ಕೊಡುವವರ ಜಾಗ. ಈಗ ಸಣ್ಣಪುಟ್ಟ ಉದ್ದಿಮೆಯ ಮಾಲೀಕರೂ ಅಲ್ಲಿ ದಿನಕ್ಕೊಂದು ಉಪದೇಶ ಬರೀತಾರೆ. ಇದಕ್ಕೆ ಪರ್ಸನಲ್ ಬ್ರ್ಯಾಂಡಿಂಗ್ ಅಂತ ಹೆಸರು. ನೀನೇ ಒಂದು ಬ್ರ್ಯಾಂಡ್ ಆಗು ಅಂತ 1997ರಲ್ಲಿ ಟಾಮ್ ಪೀಟರ್ಸ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಲೇಖಕ ಒಂದು ಪತ್ರಿಕೆಯಲ್ಲಿ ಬರೆದ. ಅದು ಈಗ ಭಿವಂಡಿಯ ಗಲ್ಲಿಗೂ ಬಂದಿದೆ.

ಅಲ್ಲಿ ಬರೆದದ್ದರಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣ್ತದೆ, ಉಳಿದದ್ದಕ್ಕೆ ಬೆರಳು ಒತ್ತಬೇಕು. ಓದುವವನು ಎಷ್ಟು ಹೊತ್ತು ನಿಂತ ಅನ್ನೋದನ್ನೂ ಲೆಕ್ಕ ಹಿಡೀತೇವೆ ಅಂತ ಕಂಪನಿಯೇ 2020ರಲ್ಲಿ ಹೇಳಿತ್ತು. ಒಲೆಗೆ ಗ್ಯಾಸ್ ಎಷ್ಟು ಉಳೀತದೆ ಅಂತ ಬರೆದರೆ ಯಾರು ನಿಲ್ತಾರೆ? ಕಣ್ಣೀರು ಬರೆದರೆ ನಿಲ್ತಾರೆ. ಆ ಕಣ್ಣೀರನ್ನು ಬರೆದುಕೊಡಲಿಕ್ಕೆ ಏಜೆನ್ಸಿಗಳಿವೆ. ನಮ್ಮ ಹುಡುಗ ತಿಂಗಳಿಗೆ ಮೂವತ್ತು ಸಾವಿರ ಕೊಡ್ತಾನೆ. ಅದರ ಮೇಲೆ ಇಪ್ಪತ್ತು ಮೂವತ್ತು ಮಾಲೀಕರ ವಾಟ್ಸಾಪ್ ಗುಂಪು ಒಂದುಂಟು. ನನ್ನದಕ್ಕೆ ನೀನು ಲೈಕ್ ಒತ್ತು, ನಿನ್ನದಕ್ಕೆ ನಾನು. ನಮ್ಮಲ್ಲಿ ಮದುವೆ ಮುಯ್ಯಿ ಇದ್ದ ಹಾಗೆ. ಮುಯ್ಯಿಯಲ್ಲಿ ಕೊನೇಪಕ್ಷ ಒಂದು ಪಾತ್ರೆಯಾದರೂ ಮನೆಗೆ ಬರ್ತಿತ್ತು.

ಇಷ್ಟೇ ಆಗಿದ್ದರೆ ನಗಾಡಿ ಬಿಡಬಹುದಿತ್ತು. ಹುಡುಗನ ಅಪ್ಪ ನನ್ನ ಹಳೇ ಸ್ನೇಹಿತ. ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದು, ಫೋರ್ಟಿನ ಹೋಟೆಲಿನಲ್ಲಿ ಗ್ಲಾಸು ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಕಲಿತವನು. ಮಗ ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದಾನೆ, ಹನ್ನೊಂದು ಸಾವಿರ ಲೈಕ್ ಬಂದಿದೆ ಅಂತ ಹೆಮ್ಮೆಯಿಂದ ನನ್ನ ಕೈಗೆ ಮೊಬೈಲ್ ಕೊಟ್ಟು, "ಕನ್ನಡದಲ್ಲಿ ಹೇಳು ಮಾರಾಯ" ಅಂದ.

ಹೇಳಿದೆ. ಹೋಟೆಲಿನ ಧಣಿ ಸಂಬಳ ಕೊಡದೆ ಮಳೆಯಲ್ಲಿ ಹೊರಗೆ ಹಾಕಿದ, ಅಪ್ಪ ಫುಟ್‌ಪಾತಿನಲ್ಲಿ ಅತ್ತ, ಅದರಿಂದ ನಾನು ಕಲಿತ ಐದು ಪಾಠ, ಹೀಗೆ ಹೋಗ್ತದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ರಾತ್ರಿಶಾಲೆಯ ಫೀಸು ಕಟ್ಟಿದ್ದೇ ಆ ಧಣಿ" ಅಂದ. "ಅವರ ಮಕ್ಕಳು ಓದಿದ್ರೆ ನಾನು ಯಾವ ಮುಖ ತೋರಿಸ್ಲಿ?"

ಮಗನನ್ನು ಕೇಳಿದೆ. "ಅಂಕಲ್, ಸ್ಟೋರಿಗೆ ಒಬ್ಬ ವಿಲನ್ ಬೇಕು ಅಂತ ಏಜೆನ್ಸಿಯವರು ಹೇಳಿದ್ರು. ಯಾರ ಹೆಸರೂ ಹಾಕಿಲ್ಲವಲ್ಲ. ಈಗ ಜನ ಕಂಪನಿ ನೋಡೋದಿಲ್ಲ, ಫೌಂಡರನ್ನ ನೋಡ್ತಾರೆ" ಅಂದ.

ನನ್ನ ತಕರಾರು ಇಲ್ಲೇ. ಪರವೂರಿನಲ್ಲಿ ಹೆಸರು ಒಬ್ಬನ ಸ್ವತ್ತಲ್ಲ, ಜಾಯಿಂಟ್ ಅಕೌಂಟ್. ನಮ್ಮ ಹಿರಿಯರು ಈ ಶಹರಕ್ಕೆ ಬಂದಾಗ ಅಡವಿಡಲಿಕ್ಕೆ ಏನಿತ್ತು? ಬೋರ್ಡಿನ ಮೇಲೆ "ಉಡುಪಿ" ಅನ್ನೋ ಒಂದು ಶಬ್ದ. ಹಿಂದಿನ ಉಡುಪಿ ಹೋಟೆಲಿನವನು ಹೇಳಿದ ದಿನ ದುಡ್ಡು ಕೊಟ್ಟಿದ್ದ ಅಂತಲೇ ದಿನಸಿ ವ್ಯಾಪಾರಿ ಮುಂದಿನವನಿಗೆ ಅಕ್ಕಿ ಬೇಳೆ ಕಡ ಕೊಡ್ತಿದ್ದ. ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬೋರ್ಡಿನಲ್ಲಿ ಅವರ ಹೆಸರೂ ಉಂಟು. ಆದರೆ ಜನ ಇವತ್ತಿಗೂ ಹೋಗೋದು ಬಾಳೆಲೆ ಊಟಕ್ಕೆ, ಅವರು ಕಷ್ಟಪಟ್ಟ ಕಥೆ ಕೇಳಲಿಕ್ಕೆ ಅಲ್ಲ.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ದಿನಕ್ಕೆ ಎರಡಾಣೆಯಿಂದ ಹಣ ಕೂಡಿಸುತ್ತಿತ್ತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬರಬೇಕು, ಪುಸ್ತಕದಲ್ಲಿ ಬರೆಯಬೇಕು. ಹೆಸರೂ ಹಾಗೇ ಜಮೆ ಆಗುವುದು. ತಿಂಗಳಿಗೆ ಮೂವತ್ತು ಸಾವಿರ ಕೊಟ್ಟು ಬರೆಸಿದ ಹೆಸರು ಓವರ್‌ಡ್ರಾಫ್ಟ್. ಇಲ್ಲದ ಹಣವನ್ನು ಮೊದಲೇ ತೆಗೆದು ಖರ್ಚು ಮಾಡಿದ ಹಾಗೆ. ಅವನು ಮುಳುಗಿದರೆ ವಸಾಯಿಯವನು ನಾಳೆ ಇನ್ನೊಬ್ಬ ಕನ್ನಡದ ಹುಡುಗನಿಗೆ "ಮೊದಲು ಕ್ಯಾಶ್ ಇಡು" ಅಂತಾನೆ.

ಹಾಗಂತ ಆ ಲಿಂಕ್ಡ್‌ಇನ್ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ನಮ್ಮ ಕಾಲದಲ್ಲಿ ಮುಂಬೈಗೆ ಬರುವವನ ಕಿಸೆಯಲ್ಲಿ ಮಾವನಿಗೋ ಜಾತಿ ಸಂಘಕ್ಕೋ ಒಂದು ಕಾಗದ ಇರ್ತಿತ್ತು. ಮಾವನೂ ಇಲ್ಲ, ಸಂಘವೂ ಇಲ್ಲ ಅನ್ನುವವರಿಗೆ ಬಾಗಿಲು ತೆರೀತಿರಲಿಲ್ಲ. ಕೊಪ್ಪಳದ ಹೆಣ್ಣುಮಗಳೊಬ್ಬಳು ಪುಣೆಯಲ್ಲಿ ಸಣ್ಣ ಕಾರ್ಖಾನೆ ಹಾಕಿದರೆ ಈಗ ಯಾರ ಕಾಗದವೂ ಇಲ್ಲದೆ ಚೆನ್ನೈಯ ಗಿರಾಕಿಯನ್ನು ಮುಟ್ಟಬಹುದು. ಅದು ದೊಡ್ಡ ವಿಷಯವೇ. ಏನು ಮಾಡ್ತೀರಿ, ಎಷ್ಟಕ್ಕೆ, ಎಷ್ಟು ದಿನದಲ್ಲಿ, ಎಲ್ಲಿ ತಪ್ಪಾಯ್ತು, ಹೇಗೆ ಸರಿಮಾಡಿದಿರಿ ಅಂತ ಬರೀರಿ. ಗಿರಾಕಿ ಎರಡು ಮಾತು ಹೇಳಿದರೆ ಅದನ್ನೂ ಹಾಕಿ.

ಇನ್ನೂ ಮೌಲ್ಯದ ಬಗ್ಗೆಯೇ ಬರೆಯಬೇಕಾ? ಸಣ್ಣ ಉದ್ದಿಮೆಯವನು ಮಾಡಿಕೊಟ್ಟ ಮಾಲಿನ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. "ಈ ವರ್ಷ ಎಲ್ಲರ ಬಿಲ್ಲೂ 45 ದಿನದಲ್ಲಿ ಕೊಟ್ಟೆ" ಅಂತ ಒಬ್ಬ ಫೌಂಡರ್ ಬರೆದದ್ದನ್ನು ನಾನು ಇನ್ನೂ ನೋಡಬೇಕಾಗಿದೆ.

ಊರಿನವರಿಗೆ ನನ್ನದು ಒಂದೇ ಮಾತು. ಮೊಬೈಲಲ್ಲಿ ಹೊಗಳಿಕೆ ನೋಡಿ ಕೈಸಾಲ ಕೊಡಬೇಡಿ. ಜಿಎಸ್‌ಟಿ ರಿಟರ್ನ್ ಕೇಳಿ, ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳಿ, ಮಾಲು ಕೊಟ್ಟ ಇಬ್ಬರ ನಂಬರ್ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೇ ಉತ್ತರ.

ನನ್ನ ಸಂಬಂಧಿಕರು ದುಡ್ಡು ಕೊಡಲಿಲ್ಲ. ಆದರೆ ನನ್ನ ಮೇಲೆ ಸ್ವಲ್ಪ ಬೇಜಾರಿದೆ, ಹೊಟ್ಟೆಕಿಚ್ಚಿಗೆ ಹೇಳಿದೆ ಅಂತ. ಇರಲಿ. ಆ ಬರಹ ಈಗಲೂ ಅಲ್ಲೇ ಇದೆ. ಮೊನ್ನೆ ಹುಡುಗನ ಅಪ್ಪ ಸಿಕ್ಕಿದ್ದ. ಮಗನಿಗೆ ಏನಂದೆ ಅಂತ ಕೇಳಿದೆ. "ಮೊದಲು ಬರ್ನರಿನವನ ದುಡ್ಡು ಕೊಡು, ಮತ್ತೆ ನನ್ನ ಬಗ್ಗೆ ಬರಿ ಅಂದೆ" ಅಂದ.